ಅಕ್ಕನ ದವಡೆ ಗೆಡ್ಡೆ ಆರು ವರ್ಷಕ್ಕೆ ಮತ್ತೆ ಬಂದಿದೆ. ಕೆರೆಸೋದಾ, ಮೂಳೆನೇ ತೆಗೆಸೋದಾ?

ಕುಂದವಾಡ_ಹುಡುಗ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪುರುಸೊತ್ತಿದ್ದವರು ಓದಿ.

ನಮ್ಮಕ್ಕನಿಗೆ 34 ವರ್ಷ. ನಾವು ದಾವಣಗೆರೆಯವರು. ಏಳು ವರ್ಷದ ಹಿಂದೆ ಅವಳಿಗೆ ಬಲಗಡೆ ಕೆಳದವಡೆಯ ಹಿಂದುಗಡೆ ಊತ ಬಂತು. ನೋವಿಲ್ಲ, ಜ್ವರ ಇಲ್ಲ. ಬುದ್ಧಿಹಲ್ಲು ಬರ್ತಿರಬೇಕು ಅಂತ ಲವಂಗ ಇಟ್ಕೊಂಡು ಒಂದು ವರ್ಷ ತಳ್ಳಿದಳು. ಆಮೇಲೆ ಒಂದು ಖಾಸಗಿ ಕ್ಲಿನಿಕ್ಕಿಗೆ ಹೋದ್ವಿ. 'ಏನಿಲ್ಲ, ಸಿಸ್ಟ್, ನೀರು ತುಂಬಿದ ಚೀಲ ಅಷ್ಟೇ' ಅಂದ್ರು. ಹಲ್ಲು ಕಿತ್ತು, ಒಳಗೆಲ್ಲ ಕೆರೆದು, ಹೊಲಿಗೆ ಹಾಕಿ ಕಳಿಸಿದರು. ನಾಲ್ಕು ದಿನಕ್ಕೆ ಅನ್ನ ಸಾರು ತಿನ್ನೋಕೆ ಶುರು ಮಾಡಿದಳು. ವಾರದ ನಂತರ ಒಂದು ಕವರ್ ಕೊಟ್ಟರು. ತಂದು ಬೀರುವಿಗೆ ಹಾಕಿದ್ವಿ. ಒಳಗೆ ಏನು ಬರೆದಿದೆ ಅಂತ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಈಗ ಮೂರು ತಿಂಗಳಿಂದ ಅದೇ ಜಾಗದಲ್ಲಿ ಮತ್ತೆ ಊತ. ಪಕ್ಕದ ಹಲ್ಲು ಅಲ್ಲಾಡ್ತಿದೆ. ಹಳೇ ಕವರ್ ಹುಡುಕಿ ತೆಗೆದರೆ ಅದರಲ್ಲಿ 'ಅಮೆಲೊಬ್ಲಾಸ್ಟೋಮಾ' ಅಂತ ಟೈಪ್ ಆಗಿದೆ. ಆರು ವರ್ಷ ಅದು ಸೀರೆ ಕೆಳಗೆ ಇತ್ತು.

ಸಿ.ಟಿ. ಮಾಡಿಸಿ ಇಬ್ಬರಿಗೆ ತೋರಿಸಿದ್ವಿ. ಒಬ್ಬರು ದವಡೆಯ ಒಂದು ತುಂಡನ್ನೇ ತೆಗೆದು, ಕಾಲಿನ ಮೂಳೆ ತಂದು ಕೂರಿಸಬೇಕು, ಹತ್ತು ಗಂಟೆ ಆಪರೇಷನ್ ಅಂತಾರೆ. ಇನ್ನೊಬ್ಬರು ಮತ್ತೆ ಕೆರೆದು ನೋಡೋಣ ಅಂತಾರೆ. ಕ್ಯಾನ್ಸರ್ ಅಲ್ಲ ಅಂತ ಇಬ್ಬರೂ ಹೇಳ್ತಾರೆ. ಕ್ಯಾನ್ಸರ್ ಅಲ್ಲದಿದ್ದರೆ ಕಾಲು ಕೊಯ್ಯೋ ಅಷ್ಟು ಯಾಕೆ ಅಂತ ಭಾವನ ಪ್ರಶ್ನೆ. ಅಕ್ಕ ಕೇಳೋದು ಒಂದೇ, 'ಮುಖ ಹೇಗಾಗುತ್ತೆ?'

ಇದನ್ನು ಕಂಡವರು, ಅನುಭವಿಸಿದವರು ಯಾರಾದ್ರೂ ಇದ್ದೀರಾ?

ಹಲ್ಲುಡಾಕ್ಟ್ರು:

ನಾನು ಬಾಯಿ ಮತ್ತು ದವಡೆ ಸರ್ಜನ್, ಹುಬ್ಬಳ್ಳಿ ಕಡೆಯವನು. ಸ್ಕ್ಯಾನ್ ನೋಡದೆ ಇದೇ ಮಾಡಿಸಿ ಅಂತ ಹೇಳೋದು ತಪ್ಪು. ಆದ್ರೆ ಭಾವನ ಪ್ರಶ್ನೆಗೆ ಉತ್ತರ ಕೊಡಬಹುದು.

ಹಲ್ಲಿನ ಮೇಲಿನ ಗಟ್ಟಿ ಬಿಳಿ ಪದರ ಇದೆಯಲ್ಲ, ಅದನ್ನು ಕಟ್ಟೋ ಜೀವಕೋಶಗಳ ಜಾತಿಯಿಂದ ಹುಟ್ಟೋ ಗೆಡ್ಡೆ ಇದು. ಹತ್ತರಲ್ಲಿ ಎಂಟು ಕೆಳದವಡೆಯಲ್ಲೇ, ಅದೂ ಹೆಚ್ಚಾಗಿ ಹಿಂದಿನ ಹಲ್ಲುಗಳ ಕಡೆ ಬರುತ್ತವೆ. ಮೈಯೆಲ್ಲ ಹರಡೋದು ತೀರಾ ಅಪರೂಪ. ಅದಕ್ಕೇ ಕ್ಯಾನ್ಸರ್ ಅಲ್ಲ ಅಂತಾರೆ. ಆದರೆ ಇರೋ ಜಾಗದಲ್ಲಿ ಸುಮ್ನೆ ಕೂರಲ್ಲ.

ಚಹಾದಲ್ಲಿ ಟೋಸ್ಟ್ ಅದ್ದಿ ನೋಡಿ. ಅದ್ದಿದ ಗೆರೆಗಿಂತ ಮೇಲಕ್ಕೂ ಚಹಾ ಏರಿರುತ್ತೆ. ದವಡೆ ಮೂಳೆ ಹೊರಗೆ ಗಟ್ಟಿ, ಒಳಗೆ ಆ ಟೋಸ್ಟಿನ ಹಾಗೆ ತೂತು ತೂತು. ಗೆಡ್ಡೆ ಆ ತೂತುಗಳೊಳಗೆ ನುಗ್ಗಿರುತ್ತೆ. ಎಕ್ಸ್‌ರೇಯಲ್ಲಿ ಕಾಣೋ ಅಂಚಿನಿಂದ ಕೆಲವು ಮಿಲಿಮೀಟರ್ ಆಚೆಗೂ ಇರುತ್ತೆ. ಕೆರೆಯೋ ಉಪಕರಣ ಕಣ್ಣಿಗೆ ಕಾಣೋದನ್ನ ಮಾತ್ರ ತೆಗೆಯುತ್ತೆ. ಅದಕ್ಕೇ ಅಂಚಿನಿಂದ 1ರಿಂದ 2 ಸೆಂಟಿಮೀಟರ್ ಒಳ್ಳೆಯ ಮೂಳೆಯನ್ನೂ ಸೇರಿಸಿ ತೆಗೀತೀವಿ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮಾಮೂಲಿ ಬಗೆಯದ್ದು ಕೆರೆದಾಗ 100ರಲ್ಲಿ ಸುಮಾರು 40 ಜನರಿಗೆ ತಿರುಗಿ ಬಂದಿದೆ. ಅಂಚಿನಾಚೆಯ ಮೂಳೆಯನ್ನೂ ಸೇರಿಸಿ ತೆಗೆದವರಲ್ಲಿ 10ಕ್ಕಿಂತ ಕಡಿಮೆ.

ಒಮ್ಮೆ ಕೆರೆಸಿ ಬಂದಿದೆ ಅಂದಮೇಲೆ ಮತ್ತೆ ಕೆರೆಯೋ ಸಲಹೆಗೆ ನನ್ನ ಮತ ಇಲ್ಲ. ಕಾರಣ ಕೇಳಿ, ಅವರ ಹತ್ತಿರ ಇರಬಹುದು.

ಸ್ಲೈಡ್_ನೋಡೋಳು:

ಡಾಕ್ಟ್ರು 'ಮಾಮೂಲಿ ಬಗೆಯದ್ದು' ಅಂದ್ರಲ್ಲ, ಅದು ಮುಖ್ಯ. ನಾನು ಮಂಗಳೂರಲ್ಲಿ, ತೆಗೆದ ಚೂರುಗಳನ್ನು ಪರೀಕ್ಷೆ ಮಾಡೋ ಪೆಥಾಲಜಿ ವಿಭಾಗದಲ್ಲಿ ಇದ್ದೀನಿ. ಹಳೇ ರಿಪೋರ್ಟಿನಲ್ಲಿ ಆ ಹೆಸರಿನ ಜೊತೆ ಇನ್ನೊಂದು ಪದ ಇರುತ್ತೆ, ನೋಡಿ. 'ಯುನಿಸಿಸ್ಟಿಕ್' ಅಂತ ಇದ್ದರೆ ಒಂದೇ ಚೀಲ. ಗೆಡ್ಡೆ ಆ ಚೀಲದ ಒಳಮೈಗೆ ಮಾತ್ರ ಅಂಟಿಕೊಂಡಿದ್ದರೆ ಚಿಕ್ಕ ಆಪರೇಷನ್ನಿನಲ್ಲೇ ಮುಗಿಯೋ ಸಾಧ್ಯತೆ ಜಾಸ್ತಿ. ಚೀಲದ ಗೋಡೆಯೊಳಗೆ ನುಗ್ಗಿದ್ದರೆ ಅದೂ ಮಾಮೂಲಿ ಬಗೆಯ ಹಾಗೇ ಆಡುತ್ತೆ. 'ಫಾಲಿಕ್ಯುಲರ್', 'ಪ್ಲೆಕ್ಸಿಫಾರ್ಮ್' ಅಂತೆಲ್ಲ ಇದ್ದರೆ ಸಾಮಾನ್ಯವಾಗಿ ಮಾಮೂಲಿ ಬಗೆ.

ಇನ್ನೊಂದು ಕೆಲಸ ಮಾಡಿ. ಆ ಲ್ಯಾಬಿಗೆ ಹೋಗಿ ಹಳೇ ಸ್ಲೈಡು (ಸೂಕ್ಷ್ಮದರ್ಶಕದಲ್ಲಿ ನೋಡೋ ಗಾಜಿನ ಪಟ್ಟಿ) ಮತ್ತು ಬ್ಲಾಕ್ ಕೇಳಿ. ಬ್ಲಾಕ್ ಅಂದ್ರೆ ತೆಗೆದ ಚೂರನ್ನು ಮೇಣದಲ್ಲಿ ಕೂರಿಸಿ ಇಟ್ಟಿರೋದು, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಅದರ ಮೇಲೊಂದು ನಂಬರ್ ಇರುತ್ತೆ, ಅದೇ ನಂಬರ್ ನಿಮ್ಮ ರಿಪೋರ್ಟಿನ ಮೇಲೂ ಇರುತ್ತೆ. ಬಾಯಿಯ ಗೆಡ್ಡೆಗಳನ್ನೇ ದಿನಾ ನೋಡೋ ಇನ್ನೊಬ್ಬರಿಂದ ಓದಿಸಿ. ನಾನು ಈ ಗೆಡ್ಡೆಯನ್ನು ತಿಂಗಳಿಗೆ ಒಂದು ನೋಡಿದ್ರೆ ಹೆಚ್ಚು. ಸಣ್ಣ ಲ್ಯಾಬಿನವರು ವರ್ಷಕ್ಕೆ ಒಂದೂ ನೋಡಿರಲ್ಲ.

ಕುಂದವಾಡ_ಹುಡುಗ:

ಮೇಡಂ, ನೋಡಿದೆ. 'ಫಾಲಿಕ್ಯುಲರ್' ಅಂತಾನೇ ಇದೆ. ಲ್ಯಾಬಿಗೆ ನಾಳೆ ಹೋಗ್ತೀನಿ.

ಕಾಲುಮೂಳೆ_ದವಡೆ:

ಹೆಸರು ನೋಡಿ ನಗಬೇಡಿ, ನನ್ನ ಮಗಳು ಇಟ್ಟಿದ್ದು. ನನ್ನ ಎಡಗಡೆ ದವಡೆ ನನ್ನ ಬಲಗಾಲಿನದು.

2009ರಲ್ಲಿ ಕೆರೆಸಿದೆ. 2014ರಲ್ಲಿ ಮತ್ತೆ ಬಂತು, ಮತ್ತೆ ಕೆರೆಸಿದೆ. 2019ರಲ್ಲಿ ಮೂರನೇ ಸಲ ಬಂದಾಗ ಗದ್ದದ ಮಧ್ಯದವರೆಗೂ ಬಂದಿತ್ತು. ಮೊದಲನೇ ಸಲವೇ ತೆಗೆಸಿದ್ದರೆ ನಾಲ್ಕು ಹಲ್ಲಿನಷ್ಟು ಜಾಗ ಹೋಗ್ತಿತ್ತು. ಮೂರನೇ ಸಲಕ್ಕೆ ಅರ್ಧ ದವಡೆ ಹೋಯ್ತು. ನಿಮ್ಮ ಭಾವನಿಗೆ ಇದನ್ನು ಓದಿಸಿ.

ಆಪರೇಷನ್ ಹೇಗಿರುತ್ತೆ ಅಂತ ಯಾರೂ ನನಗೆ ಬಿಡಿಸಿ ಹೇಳಿರಲಿಲ್ಲ. ಅದಕ್ಕೇ ಹೇಳ್ತೀನಿ. ಮೊಣಕಾಲ ಕೆಳಗೆ ಎರಡು ಮೂಳೆ ಇವೆ. ಮೈಭಾರ ಹೊರೋದು ದಪ್ಪದ್ದು. ತೆಗೆಯೋದು ಹೊರಗಡೆಯ ಸಣ್ಣ ಮೂಳೆಯಿಂದ, ಅದೂ ಮಂಡಿ ಹತ್ತಿರ ಮತ್ತು ಹರಡಿನ ಹತ್ತಿರ ಒಂದಿಷ್ಟು ಬಿಟ್ಟು. ಜೊತೆಗೆ ಅದಕ್ಕೆ ರಕ್ತ ಕೊಡೋ ನಾಳವನ್ನೂ ತೆಗೀತಾರೆ. ಮೂಳೆ ನೇರ, ದವಡೆ ಬಾಗು ಅಲ್ವಾ? ಅಲ್ಲಲ್ಲಿ ಕತ್ತರಿಸಿ ಮಡಚಿ ಟೈಟೇನಿಯಂ ಪ್ಲೇಟಿಗೆ ಕೂರಿಸ್ತಾರೆ. ಆಮೇಲೆ ಕತ್ತಿನ ರಕ್ತನಾಳಕ್ಕೆ ಸೂಕ್ಷ್ಮದರ್ಶಕದಲ್ಲಿ ನೋಡ್ತಾ ಹೊಲೀತಾರೆ. ಆ ದಾರ ಕೂದಲಿಗಿಂತ ಸಣ್ಣದು ಅಂದ್ರು.

ನನಗೆ ಎಚ್ಚರ ಆದಾಗ ಮಾತು ಬರಲಿಲ್ಲ. ಉಸಿರಿಗೆ ಗಂಟಲಲ್ಲಿ ತೂತು ಮಾಡಿ ಕೊಳವೆ ಹಾಕಿದ್ದರು, ಊಟಕ್ಕೆ ಮೂಗಿನಲ್ಲಿ ನಳಿಕೆ. ಇದನ್ನು ಅಕ್ಕನಿಗೆ ಮೊದಲೇ ಹೇಳಿ. ನಾನು ದನಿ ಹೋಯ್ತು ಅಂತಲೇ ತಿಳಿದು ಅತ್ತುಬಿಟ್ಟೆ. ಹತ್ತನೇ ದಿನ ಕೊಳವೆ ತೆಗೆದರು, ದನಿ ಬಂತು. ಮೊದಲ ಎರಡು ರಾತ್ರಿ ಗಂಟೆಗೊಮ್ಮೆ ಸಿಸ್ಟರ್ ಬಂದು ಬಾಯೊಳಗೆ ಟಾರ್ಚ್ ಬಿಟ್ಟು ಬಣ್ಣ ನೋಡೋರು. ಒಂದು ಚಿಕ್ಕ ಮೆಷಿನ್ ಇಟ್ಟು ಕೇಳಿಸೋರು, 'ಶ್ಶೂ ಶ್ಶೂ' ಅಂತ ರಕ್ತ ಓಡೋ ಸದ್ದು. ಆ ಸದ್ದು ಕೇಳಿದರೆ ನನ್ನ ಗಂಡ ಹೊರಗೆ ಹೋಗಿ ಒಂದು ಚಹಾ ಕುಡಿದು ಬರೋರು.

ನಡಿಗೆ: ಆರನೇ ದಿನ ವಾಕರ್, ಎರಡು ತಿಂಗಳಿಗೆ ಮಾಮೂಲಿ. ಕಾಲಿನ ಹೆಬ್ಬೆರಳು ಮಡಚೋಕೆ ಇವತ್ತಿಗೂ ಸ್ವಲ್ಪ ಬಿಗಿ. ಎಡಗಡೆ ಕೆಳತುಟಿ ಜೋಮು, ಅಲ್ಲಿನ ನರ ಮೂಳೆಯ ಒಳಗೇ ಓಡೋದರಿಂದ ಅದೂ ಹೋಗಿದೆ. ಸಾರು ಸೋರಿದರೆ ಗೊತ್ತಾಗಲ್ಲ, ಕರ್ಚೀಫ್ ಕೈಯಲ್ಲೇ ಇರುತ್ತೆ. ಮುಖ? ಮೊದಲ ಮೂರು ತಿಂಗಳು ಕನ್ನಡಿ ನೋಡಬೇಡಿ, ಬರೀ ಊತ. ಈಗ ಕತ್ತಿನಲ್ಲಿ ಒಂದು ಗೆರೆ ಇದೆ, ಸರ ಹಾಕಿದರೆ ಮುಚ್ಚುತ್ತೆ. ಮದುವೆ ಮನೆಯಲ್ಲಿ ಹೊಸಬರು ಯಾರೂ ಕಂಡುಹಿಡಿದಿಲ್ಲ.

ನಿಜ_ಹೇಳ್ತೀನಿ:

ಎಲ್ಲ ಓದಿದೆ. ನನ್ನ ಮಾತು ಯಾರಿಗೂ ಹಿಡಿಸಲ್ಲ, ಆದ್ರೂ ಹೇಳ್ತೀನಿ. ಗೆಡ್ಡೆಗೆ ಕತ್ತಿ ಮುಟ್ಟಿಸಬಾರದು. ನಮ್ಮ ದೊಡ್ಡಪ್ಪನಿಗೆ ಕಿವಿ ಕೆಳಗೆ ಅಡಿಕೆ ಗಾತ್ರದ ಒಂದೇ ಒಂದು ಗೆಡ್ಡೆ ಇತ್ತು. ಆಪರೇಷನ್ ಮಾಡಿಸಿದರು. ಎಂಟು ವರ್ಷದ ಮೇಲೆ ಅದೇ ಜಾಗದಲ್ಲಿ ಹತ್ತು ಗಂಟು. ಒಂದಿದ್ದದ್ದು ಹತ್ತಾಯ್ತು. ನಾಟಿ ಔಷಧಿ ಕೊಡೋರು ಇದ್ದಾರೆ, ಮೊದಲು ಅಲ್ಲಿ ತೋರಿಸಿ.

ಹಲ್ಲುಡಾಕ್ಟ್ರು:

ನಿಮ್ಮ ದೊಡ್ಡಪ್ಪನ ಕಥೆ ಸುಳ್ಳಲ್ಲ. ನಾವು ಅದನ್ನು ಪುಸ್ತಕದಲ್ಲೇ ಓದ್ತೀವಿ. ಕಿವಿ ಕೆಳಗಿನ ಜೊಲ್ಲಿನ ಗ್ರಂಥಿಯಲ್ಲಿ 'ಪ್ಲಿಯೋಮಾರ್ಫಿಕ್ ಅಡಿನೋಮಾ' ಅಂತ ಒಂದು ಗೆಡ್ಡೆ ಬರುತ್ತೆ. ಇದು ಅಪರೂಪ ಏನಲ್ಲ, ಆ ಗ್ರಂಥಿಯ ಗೆಡ್ಡೆಗಳಲ್ಲಿ ಇದೇ ಹೆಚ್ಚು. ಅದಕ್ಕೆ ತೆಳ್ಳಗಿನ ಹೊದಿಕೆ, ಕೆಲವು ಕಡೆ ಹೊದಿಕೆಯೇ ಇಲ್ಲ. ಹಿಂದೆಲ್ಲ ಮೇಲಿನಿಂದ ಸೀಳಿ, ಬಟಾಣಿ ಸುಲಿದ ಹಾಗೆ ಗೆಡ್ಡೆ ಒಂದನ್ನೇ ತೆಗೀತಿದ್ರು. ಹೊದಿಕೆ ಒಡೆದು ಕೋಶಗಳು ಅಲ್ಲೇ ಚೆಲ್ಲಿದರೆ, ಬಿತ್ತಿದ ಹಾಗೆ ಗಂಟು ಗಂಟಾಗಿ ಏಳುತ್ತೆ, ಎಷ್ಟೋ ವರ್ಷದ ಮೇಲೆ. ಅದಕ್ಕೇ ಈಗ ಗೆಡ್ಡೆಯನ್ನು ಮುಟ್ಟದೆ, ಸುತ್ತಲಿನ ಗ್ರಂಥಿಯ ಭಾಗವನ್ನೂ ಸೇರಿಸಿ ತೆಗೆಯೋದು. ಎರಡನೇ ಸಲ ಆಪರೇಷನ್ ಮಾಡೋವಾಗ ಅಲ್ಲಿ ಹಾದುಹೋಗೋ ಮುಖದ ನರ ಕಲೆಗಟ್ಟಿದ ಮಾಂಸದಲ್ಲಿ ಸಿಕ್ಕಿಹಾಕಿಕೊಂಡಿರುತ್ತೆ, ಅಪಾಯ ಜಾಸ್ತಿ.

ಅಂದ್ರೆ ತಪ್ಪು ಕತ್ತಿಯದ್ದಲ್ಲ, ಕತ್ತಿ ಓಡಿಸಿದ ದಾರಿಯದ್ದು. ನಾಟಿ ಔಷಧಿ ಬಗ್ಗೆ ಒಂದೇ ಮಾತು. ಪಟ್ಟು ಹಾಕಿಸಿಕೊಂಡು ಚರ್ಮ ಸುಟ್ಟು ಬಂದವರಿಗೆ ಕತ್ತಿನ ಚರ್ಮ ಸಾಲದೆ ಬೇರೆ ಕಡೆಯಿಂದ ತರಬೇಕಾಗಿದೆ. ಆರು ತಿಂಗಳು ಕಳೆದು ಬರ್ತಾರೆ, ಗೆಡ್ಡೆ ಅಲ್ಲೇ ಇರುತ್ತೆ, ದೊಡ್ಡದಾಗಿ.

ನಿಜ_ಹೇಳ್ತೀನಿ:

ಸರಿ ಡಾಕ್ಟ್ರೇ. ಇನ್ನೊಂದು ಕೇಳ್ತೀನಿ. ದೊಡ್ಡಪ್ಪನಿಗೆ ಊಟಕ್ಕೆ ಕೂತರೆ ಆ ಕೆನ್ನೆ ಒಂದೇ ಬೆವರುತ್ತೆ. ಉಪ್ಪಿನಕಾಯಿ ನೆಕ್ಕಿದ್ರಂತೂ ಧಾರಾಕಾರ. ಎಲ್ಲ ಖಾರಕ್ಕೆ ಅಂತಿದ್ರು.

ಹಲ್ಲುಡಾಕ್ಟ್ರು:

ಅದು ಆಪರೇಷನ್ನಿನದೇ ಕೊಡುಗೆ. ಜೊಲ್ಲು ಬರಿಸೋ ನರದ ತುಂಡಾದ ತುದಿಗಳು ಬೆಳೆಯುತ್ತಾ ಹೋಗಿ ಚರ್ಮದ ಬೆವರಿನ ಗ್ರಂಥಿಗೆ ಸೇರಿಕೊಂಡಿವೆ. ಊಟ ಕಂಡಾಗ ಜೊಲ್ಲು ಬರಲಿ ಅಂತ ಕಳಿಸಿದ ಸುದ್ದಿ ಬೆವರಾಗಿ ಬರ್ತಿದೆ. ಫ್ರೇ ಸಿಂಡ್ರೋಮ್ ಅಂತಾರೆ. ತೊಂದರೆ ಅನ್ನಿಸಿದರೆ ಬೊಟಾಕ್ಸ್ ಇಂಜೆಕ್ಷನ್ನಿಗೆ ಕೆಲವು ತಿಂಗಳು ನಿಲ್ಲುತ್ತೆ.

ಹಳೇಮೈಸೂರು:

ದವಡೆ ಗೆಡ್ಡೆ ಅಲ್ಲ, ಆದ್ರೂ ತಿರುಗಿ ಬರೋ ವಿಷಯಕ್ಕೆ ನನ್ನದೊಂದು. ಅಪ್ಪನಿಗೆ 2012ರಲ್ಲಿ ಅಂಗುಳಲ್ಲಿ ಒಂದು ಗಂಟು. ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾ. ಇದು ಕ್ಯಾನ್ಸರ್ರೇ. ಸಣ್ಣ ಜೊಲ್ಲು ಗ್ರಂಥಿಗಳಲ್ಲಿ ಹುಟ್ಟೋದು. ಅಂಗುಳಿನ ಭಾಗ ತೆಗೆದು, ಆಮೇಲೆ ಆರು ವಾರ ರೇಡಿಯೇಷನ್ ಕೊಟ್ಟರು. ಇದು ನರವನ್ನೇ ದಾರಿ ಮಾಡಿಕೊಂಡು ಹೋಗುತ್ತೆ, ಅದಕ್ಕೇ ಅಂಚು ಚೊಕ್ಕ, ಅಂದ್ರೆ ತೆಗೆದ ತುಂಡಿನ ಅಂಚಿನಲ್ಲಿ ಗೆಡ್ಡೆ ಇಲ್ಲ, ಅಂತ ರಿಪೋರ್ಟ್ ಬಂದರೂ ರೇಡಿಯೇಷನ್ ಬೇಕು ಅಂದರು. ಅಂಗುಳಿನ ತೂತಿಗೆ ಪ್ಲೇಟು ಮಾಡಿಕೊಟ್ಟರು. ಪ್ಲೇಟು ತೆಗೆದರೆ ನೀರು ಮೂಗಿಂದ ಬರೋದು, ಹಾಕಿದರೆ ಅಪ್ಪ ಮೊದಲಿನ ಹಾಗೇ ಬೈಯೋರು.

5 ವರ್ಷ ದಾಟಿದಾಗ ಮೈಸೂರು ಪಾಕ್ ಹಂಚಿದೆವು. ಗೆದ್ದೆವು ಅಂತ. 2021ರಲ್ಲಿ ಕೆಮ್ಮು ಅಂತ ಎಕ್ಸ್‌ರೇ ತೆಗೆಸಿದರೆ ಶ್ವಾಸಕೋಶದಲ್ಲಿ ಚುಕ್ಕೆಗಳು. 9 ವರ್ಷ ಆಗಿತ್ತು. ಈ ಗೆಡ್ಡೆಗೆ 5 ವರ್ಷದ ಲೆಕ್ಕ ನಡೆಯಲ್ಲ, 15 ವರ್ಷ ನೋಡಬೇಕು ಅಂತ ಆಗ ಗೊತ್ತಾಯ್ತು. ಮಾಮೂಲಿ ಕೀಮೋಗೆ ಅಷ್ಟಾಗಿ ಬಗ್ಗಲ್ಲ. ಚುಕ್ಕೆ ನಿಧಾನಕ್ಕೆ ಬೆಳೀತಿವೆ ಅಂತ ಡಾಕ್ಟರು ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿ ಸುಮ್ನೆ ನೋಡ್ತಿದ್ದಾರೆ. ಅಪ್ಪನಿಗೆ ಈಗ 74. ತೋಟಕ್ಕೆ ಹೋಗ್ತಾರೆ. ಸುಮ್ನೆ ನೋಡೋದು ಮಾತ್ರ ನಮ್ಮ ಕೈಲಿ ಆಗ್ತಿಲ್ಲ.

ಶರಾವತಿ_ಅಮ್ಮ:

ನಮ್ಮದು ಇನ್ನೊಂದು ಬಗೆ. ಮಗನಿಗೆ ಆಗ 14. ದಿನಾ ಬಲಗಡೆ ಮೂಗಲ್ಲಿ ರಕ್ತ. ಎಲ್ಲರೂ ಉಷ್ಣ ಅಂದ್ರು. ಎಳನೀರು, ತಲೆಗೆ ಹರಳೆಣ್ಣೆ, ಈರುಳ್ಳಿ ಮೂಸಿಸೋದು, ಎಲ್ಲ ಆಯ್ತು. ಒಂದು ದಿನ ಶಾಲೆಯಿಂದ ಫೋನ್, ಬಿಳಿ ಅಂಗಿ ಪೂರ್ತಿ ಕೆಂಪು. ಇ.ಎನ್.ಟಿ. ಡಾಕ್ಟರು ದುರ್ಬೀನು ಹಾಕಿ ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸ್ತಾರೆ ಅಂದ್ಕೊಂಡ್ರೆ ಮುಟ್ಟಲೇ ಇಲ್ಲ. ಹರೆಯದ ಹುಡುಗರಿಗೆ ಮಾತ್ರ ಬರೋ ಆಂಜಿಯೋಫೈಬ್ರೋಮಾ ಇರಬಹುದು, ಬರೀ ರಕ್ತನಾಳಗಳ ಗೊಂಚಲು, ಚುಚ್ಚಿದರೆ ರಕ್ತ ನಿಲ್ಲಲ್ಲ, ಸ್ಕ್ಯಾನಿನಲ್ಲೇ ಗೊತ್ತಾಗುತ್ತೆ ಅಂದ್ರು.

ಆಪರೇಷನ್ನಿನ ಹಿಂದಿನ ದಿನ ತೊಡೆಯ ನಾಳದಿಂದ ಸಣ್ಣ ತಂತಿ ಬಿಟ್ಟು, ಗೆಡ್ಡೆಗೆ ರಕ್ತ ಕೊಡೋ ನಾಳಗಳನ್ನು ಮುಚ್ಚಿದರು. ಮರುದಿನ ಮೂಗಿನ ಮೂಲಕವೇ ತೆಗೆದರು, ಮುಖದ ಮೇಲೆ ಒಂದು ಗೀರೂ ಇಲ್ಲ. ಆದ್ರೆ ಹದಿನಾಲ್ಕು ತಿಂಗಳಿಗೆ ಮತ್ತೆ ಕಾಣಿಸಿತು. ಇದು ಹೊಸದಾಗಿ ಹುಟ್ಟಿದ್ದಲ್ಲ, ತಲೆಬುರುಡೆಯ ತಳದ ಮೂಳೆಯೊಳಗೆ ಉಳಿದಿದ್ದ ಚೂರು ಬೆಳೆದಿದ್ದು ಅಂದ್ರು. ಎರಡನೇ ಸಲ ಆ ಮೂಳೆಯನ್ನು ಡ್ರಿಲ್ಲಿನಲ್ಲಿ ಕೊರೆದು ತೆಗೆದರು. ಈಗ 19, ಸ್ಕ್ಯಾನ್ ಚೊಕ್ಕ. ತಿರುಗಿ ಬಂತು ಅನ್ನೋದಕ್ಕಿಂತ ಉಳಿದಿತ್ತು ಅನ್ನೋದೇ ಸರಿ ಅಂತ ನನಗೆ ಈಗ ಅನ್ಸುತ್ತೆ.

ಹಲ್ಲುಡಾಕ್ಟ್ರು:

ಅಮ್ಮ ಹೇಳಿದ ಕೊನೆಯ ಸಾಲು ದವಡೆ ಗೆಡ್ಡೆಗೂ ಹೆಚ್ಚುಕಡಿಮೆ ಹಾಗೇ ಸರಿ.

ಕುಂದವಾಡ_ಹುಡುಗ:

ಬ್ಲಾಕ್ ಸಿಕ್ತು! ಲ್ಯಾಬಿನವರು ಮೊದಲು ಗೊಣಗಿದರು, ನಂಬರ್ ತೋರಿಸಿದ ಮೇಲೆ ಹುಡುಕಿ ಕೊಟ್ಟರು. ಬೆಂಗಳೂರಿನಲ್ಲಿ ಮತ್ತೆ ಓದಿಸಿದ್ವಿ. ಅದೇ ಬಂತು, ಮಾಮೂಲಿ ಬಗೆ.

ಒಬ್ಬ ಸ್ನೇಹಿತ ಹೇಳಿದ, ಇದಕ್ಕೆ ಮಾತ್ರೆ ಬಂದಿದೆಯಂತೆ, ಆಪರೇಷನ್ನೇ ಬೇಡವಂತೆ. ನಿಜಾನಾ?

ಸ್ಲೈಡ್_ನೋಡೋಳು:

ಅರ್ಧ ನಿಜ. ಈ ಗೆಡ್ಡೆಯಲ್ಲಿ, ಅದೂ ಕೆಳದವಡೆಯದ್ದರಲ್ಲಿ, ಅರ್ಧಕ್ಕಿಂತ ಹೆಚ್ಚು ಜನರಿಗೆ ಬಿ-ರಾಫ್ ಅನ್ನೋ ಜೀನಿನಲ್ಲಿ ಒಂದೇ ಬಗೆಯ ದೋಷ ಇರುತ್ತೆ ಅಂತ 2014ರಲ್ಲಿ ಗೊತ್ತಾಯ್ತು. ಚರ್ಮದ ಮೆಲನೋಮಾ ಕ್ಯಾನ್ಸರ್‌ನಲ್ಲೂ ಇರೋ ದೋಷ ಅದು. ಅದಕ್ಕೆ ಮಾಡಿದ ಡಾಬ್ರಾಫೆನಿಬ್ ಮಾತ್ರೆಯಿಂದ ದವಡೆ ಗೆಡ್ಡೆ ಕುಗ್ಗಿದ ವರದಿಗಳಿವೆ. ಇಸ್ರೇಲಿನ ಒಂದು ತಂಡ ಮೊದಲು ಮಾತ್ರೆ ಕೊಟ್ಟು, ಗೆಡ್ಡೆ ಕುಗ್ಗಿಸಿ, ಆಮೇಲೆ ದವಡೆ ಉಳಿಸಿಕೊಂಡೇ ಚಿಕ್ಕ ಆಪರೇಷನ್ ಮಾಡಿದೆ. ಆದ್ರೆ ಅದು ಬೆರಳೆಣಿಕೆಯ ರೋಗಿಗಳ ಮಾತು. ಹತ್ತಿಪ್ಪತ್ತು ವರ್ಷಕ್ಕೂ ತಿರುಗಿ ಬರೋ ಗೆಡ್ಡೆಗೆ ಕೆಲವೇ ವರ್ಷದ ಫಲಿತಾಂಶ ಸಾಲಲ್ಲ. ದುಬಾರಿ ಕೂಡ. ತೆಗೆಯೋಕೇ ಆಗದ ಜಾಗಕ್ಕೆ ಹೋದವರಿಗೆ, ಶ್ವಾಸಕೋಶಕ್ಕೆ ಹೋದ ಅಪರೂಪದವರಿಗೆ ದೊಡ್ಡ ಆಸರೆ. ನಿಮ್ಮ ಅಕ್ಕನದ್ದು ತೆಗೆಯೋಕೆ ಆಗೋ ಜಾಗದಲ್ಲೇ ಇದೆ.

ಆದ್ರೂ ಬ್ಲಾಕಿನಲ್ಲಿ ಆ ಪರೀಕ್ಷೆ ಮಾಡಿಸಿಡಿ. ಆಪರೇಷನ್ನಿನ ದಿನವೂ ಕೇಳಿ, ಮೃದು ಚೂರೊಂದನ್ನು ಬೇರೆ ಇಡಿ ಅಂತ. ಮೂಳೆ ಸಮೇತ ಇರೋದನ್ನು ಸ್ಲೈಡ್ ಮಾಡೋಕೆ ನಾವು ಆಸಿಡ್ಡಿನಲ್ಲಿ ನೆನೆಸ್ತೀವಿ. ಆ ಆಸಿಡ್ಡಿಗೆ ಜೀನ್ ಪರೀಕ್ಷೆ ಹಾಳಾಗಬಹುದು.

ಕಾಲುಮೂಳೆ_ದವಡೆ:

ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ಬಿ.ಪಿ.ಎಲ್. ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಇದೆ. ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಮಾಡಿಸಿಕೊಳ್ಳಿ, ಅಡ್ಮಿಟ್ ಆದ ಮೇಲೆ ಓಡಾಡೋದು ಕಷ್ಟ. ಹಲ್ಲಿನ ಇಂಪ್ಲಾಂಟಿಗೆ (ಹಲ್ಲು ಕೂರಿಸೋಕೆ ಮೂಳೆಯಲ್ಲಿ ಹಾಕೋ ತಿರುಪು) ಬೇರೆ ದುಡ್ಡು ಎತ್ತಿಡಿ, ನಾನು ಅದನ್ನು ಕೈಯಿಂದಲೇ ಕೊಟ್ಟೆ.

ಕುಂದವಾಡ_ಹುಡುಗ (ಎರಡು ತಿಂಗಳ ನಂತರ):

ಆಯ್ತು. ಹನ್ನೊಂದು ಗಂಟೆ ಹಿಡಿಯಿತು. ಭಾವ ಹೊರಗೆ ಕೂತು ಕಾಲುಮೂಳೆ ಅಕ್ಕನ ಬರಹವನ್ನು ಫೋನಿನಲ್ಲಿ ಎಷ್ಟು ಸಲ ಓದಿದರೋ. ಗಂಟಲ ಕೊಳವೆ ವಿಷಯ ಮೊದಲೇ ಹೇಳಿದ್ದರಿಂದ ಅಕ್ಕ ಗಾಬರಿ ಆಗಲಿಲ್ಲ. ಸ್ಲೇಟಿನ ಮೇಲೆ ಮೊದಲು ಬರೆದದ್ದು 'ಮಕ್ಕಳು ಉಂಡ್ರಾ?'

ಎರಡನೇ ರಾತ್ರಿ ಒಂದು ಗಂಟೆಗೆ ಬಾಯೊಳಗಿನ ತುಂಡು ನೀಲಿಗಟ್ಟಿತು ಅಂತ ಮತ್ತೆ ಒಳಗೆ ಕರ್ಕೊಂಡು ಹೋದರು. ರಕ್ತ ವಾಪಸ್ ಹೋಗೋ ನಾಳದಲ್ಲಿ ಹೆಪ್ಪುಗಟ್ಟಿತ್ತಂತೆ, ಬಿಡಿಸಿ ಮತ್ತೆ ಹೊಲಿದರು. ಆ ಸಿಸ್ಟರ್ ಗಂಟೆಗೊಮ್ಮೆ ಟಾರ್ಚ್ ಬಿಡದೆ ನಿದ್ದೆ ಮಾಡಿದ್ದರೆ ಏನಾಗ್ತಿತ್ತೋ. ಬೆಳಿಗ್ಗೆ 'ಶ್ಶೂ ಶ್ಶೂ' ಕೇಳಿಸಿದರು. ಭಾವ ಚಹಾಕ್ಕೆ ಹೋದರು.

ರಿಪೋರ್ಟನ್ನು ಈ ಸಲ ಅಲ್ಲೇ ನಿಂತು ಓದಿಸಿಕೊಂಡೆ. ಎಲ್ಲ ಅಂಚೂ ಚೊಕ್ಕ, ಗೆಡ್ಡೆಗೆ ತೀರಾ ಹತ್ತಿರದ ಅಂಚೂ 11 ಮಿಲಿಮೀಟರ್ ದೂರ. ಬಿ-ರಾಫ್ ದೋಷ ಇದೆ ಅಂತಲೂ ಬಂತು. ರೇಡಿಯೇಷನ್ ಬೇಡ. ಮೊದಲ 5 ವರ್ಷ ತಪ್ಪದೆ, ಆಮೇಲೂ ವರ್ಷಕ್ಕೊಂದು ಎಕ್ಸ್‌ರೇ ಬೇಕು ಅಂದಿದ್ದಾರೆ. ಮೂರು ಝೆರಾಕ್ಸ್ ಮಾಡಿಸಿ ಒಂದನ್ನು ತಂಗಿ ಮನೆಯಲ್ಲಿ ಇಟ್ಟಿದ್ದೀನಿ.

ಈಗ ಗಂಜಿ, ಹಾಲಲ್ಲಿ ಕಿವುಚಿದ ಬಾಳೆಹಣ್ಣು ನಡೀತಿದೆ. ಅಕ್ಕ ಕೇಳ್ತಿದ್ದಾಳೆ, ಮಂಡಕ್ಕಿ ಮೆಣಸಿನಕಾಯಿ ಯಾವಾಗ ಅಂತ. ಡಾಕ್ಟರನ್ನು ಕೇಳೋಕೆ ಅವಳಿಗೆ ನಾಚಿಕೆ.

ಕಾಲುಮೂಳೆ_ದವಡೆ:

ಅಯ್ಯೋ, ಕೇಳೋದೇ! ಮೂಳೆ ಕೂಡಿಕೊಳ್ಳೋವರೆಗೆ ಗಟ್ಟಿ ಏನೂ ಬೇಡ. ನನಗೆ ಎಂಟು ತಿಂಗಳಿಗೆ ಇಂಪ್ಲಾಂಟ್ ಹಾಕಿ, ವರ್ಷ ತುಂಬಿದ ಮೇಲೆ ಹಲ್ಲು ಕೂರಿಸಿದರು. ಅಲ್ಲೀತನಕ ಬೆಣ್ಣೆ ದೋಸೆಯ ನಡುವಿನ ಮೆತ್ತನೆ ಭಾಗ ನನ್ನದು, ಅಂಚಿನ ಗರಿ ಮಗಳದು. ಮಂಡಕ್ಕಿಯನ್ನು ಮೊಸರಲ್ಲಿ ನೆನೆಸಿ ಕೊಡಿ. ಮೆಣಸಿನಕಾಯಿ ಬಜ್ಜಿ ಸದ್ಯಕ್ಕೆ ಮರೆತುಬಿಡಲಿ. ಜೋಮು ತುಟಿಗೆ ಬಿಸಿ ಎಣ್ಣೆ ತಾಗಿದರೂ ಗೊತ್ತಾಗಲ್ಲ, ಬೊಬ್ಬೆ ಎದ್ದ ಮೇಲೇ ಗೊತ್ತಾಗೋದು. ನನಗೆ ಎರಡು ಸಲ ಆಗಿದೆ.